ಕೊನೆಯ ಚೌಕಕ್ಕೆ ಅನಿಲದ ಬಣ್ಣ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುರವಣಿಯ ನಡುಪುಟದಲ್ಲಿ ಅಚ್ಚಾದ ಆವರ್ತ ಕೋಷ್ಟಕ ಅಂದವಾಗಿದೆ. ಮಕ್ಕಳು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ, ವರ್ಷಗಟ್ಟಲೆ ನೋಡುತ್ತಾರೆ. ಆ ಕಾರಣಕ್ಕೇ ಈ ಪತ್ರ. ಬಲಗಡೆಯ ಕೆಳಮೂಲೆಯಲ್ಲಿರುವ 118ನೇ ಚೌಕಕ್ಕೆ, ಅಂದರೆ ಒಗನೆಸ್ಸಾನಿಗೆ, ಹೀಲಿಯಂ, ನಿಯಾನ್‌ಗಳಿಗೆ ಬಳಿದ ತಿಳಿನೀಲಿಯನ್ನೇ ಬಳಿದಿದ್ದೀರಿ. ಬಣ್ಣಗಳ ಪಟ್ಟಿಯಲ್ಲಿ ಆ ನೀಲಿಗೆ ‘ಅನಿಲ’ ಎಂದಿದೆ. ಕೆಳಗಿನ ಟಿಪ್ಪಣಿ ಹೀಗಿದೆ: ‘ಬಣ್ಣ, ವಾಸನೆ ಇಲ್ಲದ ಜಡಾನಿಲ. 2016ರಲ್ಲಿ ಕಂಡುಹಿಡಿಯಲಾಯಿತು. ಪರಮಾಣು ತೂಕ 294. ಅರ್ಧಾಯು 0.7 ಮಿಲಿಸೆಕೆಂಡು. ಸಂಶೋಧನೆಯಲ್ಲಿ ಬಳಕೆ.’ ಇಷ್ಟರಲ್ಲಿ ಅರ್ಧಾಯು (ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ) ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ತಿದ್ದಬೇಕಾದದ್ದೇ. ಅರ್ಧಾಯುವಿಗೂ ಒಂದು ಮಾತು ಸೇರಿಸಬೇಕು.

ತಪ್ಪು ನಿಮ್ಮದೊಂದೇ ಅಲ್ಲ. ಪುಸ್ತಕದಂಗಡಿಯಲ್ಲಿ ಸಿಗುವ ಗೋಡೆಪಟಗಳಲ್ಲೂ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲೂ ಇದೇ ಸಾಲು ಓಡಾಡುತ್ತಿದೆ. ಹದಿನೆಂಟನೇ ಗುಂಪು ಎಂದರೆ ರಾಜಾನಿಲಗಳ (ಜಡಾನಿಲಗಳ) ಗುಂಪು, ಆದ್ದರಿಂದ ಅದರ ಕೊನೆಯ ಸದಸ್ಯವೂ ಅನಿಲವೇ ಎಂಬ ಊಹೆಯನ್ನು ಯಾರೋ ಒಮ್ಮೆ ಬರೆದರು, ಉಳಿದವರು ನಕಲು ಮಾಡಿಕೊಂಡರು. ಒಗನೆಸ್ಸಾನ್ ಅನಿಲವೋ ಘನವೋ ಎಂದು ಯಾರೂ ಇದುವರೆಗೆ ಅಳೆದಿಲ್ಲ. ಅಳೆಯುವ ದಾರಿಯೂ ಸದ್ಯಕ್ಕಿಲ್ಲ. ಲೆಕ್ಕ ಹಾಕಿದವರು ಇದ್ದಾರೆ, ಅವರ ಲೆಕ್ಕ ‘ಘನ’ ಎನ್ನುತ್ತದೆ.

ಹಾಗಾದರೆ ನಿಜವಾಗಿ ಅಳೆದದ್ದೇನು? ರಷ್ಯಾದ ದುಬ್ನಾ ಊರಿನ ಜಂಟಿ ಪರಮಾಣು ಸಂಶೋಧನಾ ಸಂಸ್ಥೆಯಲ್ಲಿ, ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜೊತೆಗೂಡಿ, 2002ರಲ್ಲಿ ಈ ಧಾತುವಿನ ಮೊದಲ ಪರಮಾಣು ಸಿಕ್ಕಿತು. ವಿಧಾನ ಹೇಳಲು ಸುಲಭ: 98 ಪ್ರೋಟಾನುಗಳ ಕ್ಯಾಲಿಫೋರ್ನಿಯಂ-249ರ ಮೇಲೆ 20 ಪ್ರೋಟಾನುಗಳ ಕ್ಯಾಲ್ಸಿಯಂ-48 ಅನ್ನು ಬಡಿಯುವುದು. ಎರಡೂ ಕೂಡಿ 297 ಕಣಗಳ ನ್ಯೂಕ್ಲಿಯಸ್ ಆಗುತ್ತದೆ. ಅದು ಕಾದು ಕುದಿಯುತ್ತಿರುವ ಸ್ಥಿತಿಯಲ್ಲಿರುವುದರಿಂದ ಮೂರು ನ್ಯೂಟ್ರಾನುಗಳನ್ನು ಉಗುಳಿ ತಣಿದರೆ ಒಗನೆಸ್ಸಾನ್-294 ಉಳಿಯುತ್ತದೆ.

‘ತಣಿದರೆ’ ಎಂಬುದರಲ್ಲೇ ಕಷ್ಟವೆಲ್ಲ ಅಡಗಿದೆ. ಬಡಿತದ ಶಕ್ತಿ ಕಡಿಮೆಯಾದರೆ ಎರಡೂ ನ್ಯೂಕ್ಲಿಯಸ್‌ಗಳ ಧನಾವೇಶ ಒಂದನ್ನೊಂದು ತಳ್ಳಿ ಕೂಡಲು ಬಿಡುವುದಿಲ್ಲ. ಹೆಚ್ಚಾದರೆ ಕೂಡಿದ್ದು ನ್ಯೂಟ್ರಾನ್ ಉಗುಳುವ ಮೊದಲೇ ಎರಡು ಹೋಳಾಗುತ್ತದೆ. ಪೂರ್ತಿ ಬೆರೆಯುವ ಮುನ್ನವೇ ಬೇರೆಯಾಗಿ ಹೋಗುವವು ಇನ್ನೂ ಹೆಚ್ಚು. 2002ರಲ್ಲಿ ಕ್ಯಾಲ್ಸಿಯಂ ಅಯಾನುಗಳ ಶಕ್ತಿ 245 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಲೋಕದ ಶಕ್ತಿಯ ಅಳತೆ), 2005ರಲ್ಲಿ 251. ಈ ಶಕ್ತಿಯಲ್ಲಿ ಅವುಗಳ ವೇಗ ಬೆಳಕಿನ ವೇಗದ ಸುಮಾರು ಹತ್ತನೇ ಒಂದು ಪಾಲು. ಇಷ್ಟು ಹದ ಹಿಡಿದೂ ಮೊದಲ ಪರಮಾಣುವಿಗೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಗುರಿಯ ಮೇಲೆ ಸುರಿದ ಕ್ಯಾಲ್ಸಿಯಂ ಅಯಾನುಗಳ ಸಂಖ್ಯೆ 25ರ ಮುಂದೆ 18 ಸೊನ್ನೆ.

ಕ್ಯಾಲ್ಸಿಯಂ ಎಂದರೆ ಸುಣ್ಣದಲ್ಲಿರುವುದೇ ತಾನೇ, ಅದಕ್ಕೇನು ಬರ ಎನ್ನಬೇಡಿ. ಸುಣ್ಣದಲ್ಲಿರುವುದು ಬಹುಪಾಲು ಕ್ಯಾಲ್ಸಿಯಂ-40. ಬೇಕಾದದ್ದು ಎಂಟು ನ್ಯೂಟ್ರಾನು ಹೆಚ್ಚಿರುವ ಕ್ಯಾಲ್ಸಿಯಂ-48, ಪ್ರಕೃತಿಯ ಕ್ಯಾಲ್ಸಿಯಂನಲ್ಲಿ ಶೇ 0.187 ಮಾತ್ರ. ಅದನ್ನು ಬೇರ್ಪಡಿಸುವ ಖರ್ಚಿನಿಂದಾಗಿ ಅದು ಚಿನ್ನಕ್ಕಿಂತ ಎಷ್ಟೋ ಪಟ್ಟು ದುಬಾರಿ. ಆ ಎಂಟು ನ್ಯೂಟ್ರಾನುಗಳ ಆಸೆ ಯಾಕೆಂದರೆ, ಭಾರದ ನ್ಯೂಕ್ಲಿಯಸ್‌ಗಳು ಒಡೆಯದೆ ನಿಲ್ಲಲು ಪ್ರೋಟಾನಿಗಿಂತ ನ್ಯೂಟ್ರಾನು ಬಹಳ ಹೆಚ್ಚಿರಬೇಕು, ಹಗುರ ಧಾತುಗಳಲ್ಲಿ ಅಂಥ ಶ್ರೀಮಂತರು ಕಡಿಮೆ. ಇನ್ನು ಕ್ಯಾಲಿಫೋರ್ನಿಯಂ-249 ನಿಸರ್ಗದಲ್ಲಿ ಸಿಗುವುದೇ ಇಲ್ಲ. ರಿಯಾಕ್ಟರಿನಲ್ಲಿ ತಯಾರಾದ ಬರ್ಕೀಲಿಯಂ-249 ಕ್ಷಯಿಸಿದಾಗ ಅದು ಹುಟ್ಟುತ್ತದೆ. ಅದನ್ನು ತೆಳು ಟೈಟಾನಿಯಂ ಹಾಳೆಯ ಮೇಲೆ ಲೇಪಿಸಿ, ಹಾಳೆಯನ್ನು ಚಕ್ರಕ್ಕೆ ಜೋಡಿಸಿ, ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗಿಸುತ್ತಾರೆ. ನಿಲ್ಲಿಸಿಟ್ಟರೆ ಅಯಾನುಗಳ ಧಾರೆ ಒಂದೇ ಜಾಗಕ್ಕೆ ಬಡಿದು ಹಾಳೆ ಕರಗಿ ತೂತು ಬೀಳುತ್ತದೆ.

ಹುಟ್ಟಿದ ಪರಮಾಣು ಬಡಿತದ ರಭಸಕ್ಕೆ ಗುರಿಯಿಂದ ಹೊರಹಾರಿ, ತೆಳುವಾಗಿ ಹೈಡ್ರೋಜನ್ ತುಂಬಿದ ಕೊಳವೆಯಲ್ಲಿ ಕಾಂತಗಳ ನಡುವೆ ಸಾಗಿ, ಕೊನೆಗೆ ಸಿಲಿಕಾನ್ ಪತ್ತೆಕಾರಕದೊಳಗೆ ಹೂತುಕೊಳ್ಳುತ್ತದೆ. ಕಾಂತಗಳು ಕ್ಯಾಲ್ಸಿಯಂ ಧಾರೆಯನ್ನು, ಇತರ ಚೂರುಪಾರನ್ನು ಬೇರೆ ಕಡೆಗೆ ತಿರುಗಿಸುತ್ತವೆ. ಈ ಪಯಣಕ್ಕೆ ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು, ಆದ್ದರಿಂದ 0.7 ಮಿಲಿಸೆಕೆಂಡಿನ ಅರ್ಧಾಯು ಅಲ್ಲಿಗೆ ಧಾರಾಳ ಸಾಕು. ಪತ್ತೆಕಾರಕದೊಳಗೆ ಅದು 11.65 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆಲ್ಫಾ ಕಣವನ್ನು (ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳ ಗಂಟು) ಬಿಟ್ಟು ಲಿವರ್‌ಮೋರಿಯಂ-290 ಆಗುತ್ತದೆ. ಅದು ಇನ್ನೊಂದು ಆಲ್ಫಾ ಬಿಟ್ಟು ಫ್ಲೆರೋವಿಯಂ-286. ಅದು ಅಲ್ಲೇ ಸೀಳಿಹೋಗಬಹುದು, ಇಲ್ಲವೇ ಮತ್ತೊಂದು ಆಲ್ಫಾ ಬಿಟ್ಟು ಕೊಪರ್ನಿಸಿಯಂ-282 ಆಗಿ ಸೀಳಬಹುದು. ಒಂದೇ ಬಿಂದುವಿನಲ್ಲಿ, ಸರಿಯಾದ ಶಕ್ತಿಗಳಲ್ಲಿ, ಸರಿಯಾದ ಅಂತರದಲ್ಲಿ ಈ ಸರಣಿ ನಡೆದರೆ ‘ಇಲ್ಲೊಂದು ಒಗನೆಸ್ಸಾನ್ ಇತ್ತು’ ಎನ್ನುತ್ತಾರೆ. ನಡುವೆ ಬೇರೆ ಕಣಗಳ ಗದ್ದಲ ಇರಬಾರದೆಂದು, ಮೊದಲ ಆಲ್ಫಾ ನಿರೀಕ್ಷಿತ ಶಕ್ತಿಯಲ್ಲಿ ಬಂದ ಕೂಡಲೇ ಸೈಕ್ಲೋಟ್ರಾನಿನ (ಅಯಾನುಗಳಿಗೆ ವೇಗ ಕೊಡುವ ಯಂತ್ರ) ಧಾರೆ ತಾನಾಗಿ ನಿಲ್ಲುವ ಏರ್ಪಾಟು ದುಬ್ನಾದಲ್ಲಿದೆ. ಆ ನಿಶ್ಶಬ್ದದಲ್ಲಿ ಮುಂದಿನ ಆಲ್ಫಾಗಳನ್ನು ಕಾಯುತ್ತಾರೆ.

ಇಂಥ ಸರಣಿಗಳು ಈವರೆಗೆ ಸಿಕ್ಕಿರುವುದು ಬೆರಳೆಣಿಕೆ, ಐದರ ಆಸುಪಾಸು. 2012ರದ್ದು ಒಂದು ತಮಾಷೆಯ ಸಂಗತಿ: 117ನೇ ಧಾತುವಿಗಾಗಿ ಬರ್ಕೀಲಿಯಂ ಗುರಿ ಇಟ್ಟಿದ್ದರು, ಅದರ ಅರ್ಧಾಯು ಒಂದು ವರ್ಷಕ್ಕೂ ಕಡಿಮೆ, ಪ್ರಯೋಗ ನಡೆಯುತ್ತಿದ್ದಂತೆ ಗುರಿಯಲ್ಲೇ ಒಂದಿಷ್ಟು ಕ್ಯಾಲಿಫೋರ್ನಿಯಂ ಆಗಿಹೋಗಿತ್ತು, ಅದರಿಂದ ಕರೆಯದೆ ಬಂದ ಅತಿಥಿಯಂತೆ ಒಂದು ಒಗನೆಸ್ಸಾನ್ ಕಾಣಿಸಿಕೊಂಡಿತು.

ಅಳೆದ ಗುಣಗಳು ಇಲ್ಲಿಗೆ ಮುಗಿದವು: ಆಲ್ಫಾದ ಶಕ್ತಿ, ಅರ್ಧಾಯು, ಹುಟ್ಟುವ ಸಂಭವ. ಅರ್ಧಾಯುವಿನ ಬಗೆಗಿನ ಆ ಒಂದು ಮಾತು ಇಲ್ಲೇ ಹೇಳುತ್ತೇವೆ. 2006ರಲ್ಲಿ ಪ್ರಕಟಿಸಿದಾಗ ಮೂರು ಪರಮಾಣುಗಳ ಆಧಾರದಲ್ಲಿ ಅದು 0.89 ಮಿಲಿಸೆಕೆಂಡು ಇತ್ತು, ಮೇಲಕ್ಕೆ 1.07, ಕೆಳಕ್ಕೆ 0.31ರ ಅನಿಶ್ಚಿತತೆಯೊಂದಿಗೆ. ಮುಂದೆ ಸಿಕ್ಕಿದ್ದನ್ನೂ ಸೇರಿಸಿದ ಮೇಲೆ 0.7ರ ಹತ್ತಿರ ಬಂದಿತು. ಐದು ಘಟನೆಗಳಿಂದ ತೆಗೆದ ಸರಾಸರಿಯಲ್ಲಿ ಶೇ 40ಕ್ಕೂ ಮೀರಿದ ಅಲುಗಾಟ ಸಹಜ. ಆದ್ದರಿಂದ ‘ಸುಮಾರು’ ಎಂಬ ಪದ ಅಲ್ಲಿ ಅಲಂಕಾರಕ್ಕಲ್ಲ, ಇರಲೇಬೇಕು. 0.69 ಎಂದೋ 0.58 ಎಂದೋ ಬೇರೆ ಬೇರೆ ಕಡೆ ಕಂಡರೆ ಮಕ್ಕಳು ಗಾಬರಿಯಾಗಬೇಕಿಲ್ಲ.

ಈಗ ಟಿಪ್ಪಣಿಯ ‘ಪರಮಾಣು ತೂಕ 294’. ಕ್ಲೋರಿನ್ನಿನ ಚೌಕದಲ್ಲಿ 35.45 ಎಂದು ಬರೆಯುತ್ತೇವೆ, ಅದು ನಿಸರ್ಗದಲ್ಲಿ ಬೆರೆತಿರುವ ಕ್ಲೋರಿನ್-35 ಮತ್ತು 37ರ ಸರಾಸರಿ. ಒಗನೆಸ್ಸಾನಿಗೆ ನಿಸರ್ಗವೇ ಇಲ್ಲ, ಸರಾಸರಿ ಎಲ್ಲಿಂದ? 294 ಎಂಬುದು ಗೊತ್ತಿರುವ ಒಂದೇ ಒಂದು ಐಸೋಟೋಪಿನ (ನ್ಯೂಟ್ರಾನುಗಳ ಎಣಿಕೆಯಿಂದ ಬೇರೆಯಾಗುವ ರೂಪ) ರಾಶಿ ಸಂಖ್ಯೆ, 118 ಪ್ರೋಟಾನು ಮತ್ತು 176 ನ್ಯೂಟ್ರಾನುಗಳ ಮೊತ್ತ. ಅದಕ್ಕೇ ಚೌಕ ಆವರಣದೊಳಗೆ [294] ಎಂದು ಬರೆಯುವ ರೂಢಿ. ಆವರಣ ಬಿಟ್ಟರೆ ಅರ್ಥ ಬದಲಾಗುತ್ತದೆ. ನಿಮ್ಮ ಪಟದಲ್ಲಿ ಟೆಕ್ನೀಷಿಯಂ, ರೇಡಾನ್‌ಗಳಿಗೂ ಆವರಣ ಬಿಟ್ಟುಹೋಗಿದೆ, ದಯವಿಟ್ಟು ಗಮನಿಸಿ.

ಮುಖ್ಯ ವಿಷಯಕ್ಕೆ ಬರುತ್ತೇವೆ: ಗುಂಪಿನ ಮೇಲಿನವೆಲ್ಲ ಅನಿಲವಾಗಿರುವಾಗ ಇದೇಕೆ ಘನ? ರೇಡಾನ್ ಮೈನಸ್ 62 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. 2020ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಒಗನೆಸ್ಸಾನ್ ಕರಗುವುದು 325 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು 52 ಡಿಗ್ರಿ ಸೆಲ್ಸಿಯಸ್, ಹೆಚ್ಚುಕಡಿಮೆ 15 ಡಿಗ್ರಿ. ಕುದಿಯುವುದು 450 ಕೆಲ್ವಿನ್‌ನಲ್ಲಿ, ಅಂದರೆ 177 ಡಿಗ್ರಿ ಸೆಲ್ಸಿಯಸ್, ಹೆಚ್ಚುಕಡಿಮೆ 10. ರಾಯಚೂರಿನ ಮೇ ತಿಂಗಳಿನಲ್ಲಿ ಅದು ಮೆತ್ತಗಾದೀತೋ ಇಲ್ಲವೋ ಎಂದು ವಾದ ಮಾಡಬಹುದು, ಅನಿಲವಂತೂ ಆಗದು.

ಕಾರಣ ಐನ್‌ಸ್ಟೈನರ ಸಾಪೇಕ್ಷತೆ. ನ್ಯೂಕ್ಲಿಯಸ್ಸಿನಲ್ಲಿ 118 ಪ್ರೋಟಾನುಗಳಿದ್ದರೆ ಅತ್ಯಂತ ಒಳಗಿನ ಎಲೆಕ್ಟ್ರಾನಿನ ವೇಗವನ್ನು ಒರಟಾಗಿ ಹೀಗೆ ಎಣಿಸಬಹುದು: 118ನ್ನು 137ರಿಂದ ಭಾಗಿಸಿ. ಬೆಳಕಿನ ವೇಗದ ಶೇ 86 ಬರುತ್ತದೆ. ಆ ವೇಗದಲ್ಲಿ ಎಲೆಕ್ಟ್ರಾನಿನ ಪರಿಣಾಮಕಾರಿ ದ್ರವ್ಯರಾಶಿ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ, ಕಕ್ಷೆ ನ್ಯೂಕ್ಲಿಯಸ್ಸಿನತ್ತ ಕುಗ್ಗುತ್ತದೆ. ಇದು ಒಳಗಿನದಕ್ಕೆ ಮಾತ್ರ ನಿಲ್ಲುವುದಿಲ್ಲ, ಹೊರಕವಚದವರೆಗೂ ಹಬ್ಬುತ್ತದೆ. ಇದೇನೂ ದೂರದ ವಿದ್ಯಮಾನವಲ್ಲ. ಚಿನ್ನದ ಹಳದಿಗೆ ಕಾರಣ ಇದೇ. 79 ಪ್ರೋಟಾನುಗಳ ಸೆಳೆತಕ್ಕೆ ಅದರ ಹೊರ ಎಲೆಕ್ಟ್ರಾನಿನ ಕಕ್ಷೆ ಕುಗ್ಗಿ, ನೀಲಿ ಬೆಳಕು ಹೀರಲ್ಪಡುತ್ತದೆ. ಸಾಪೇಕ್ಷತೆ ಇಲ್ಲದಿದ್ದರೆ ಚಿನ್ನ ಬೆಳ್ಳಿಯಂತೆ ಬೆಳ್ಳಗಿರುತ್ತಿತ್ತು. ಪಾದರಸ ದ್ರವವಾಗಿರುವುದರ ಹಿಂದೆಯೂ ಇದರ ಕೈವಾಡವಿದೆ.

ಒಗನೆಸ್ಸಾನಿನಲ್ಲಿ ಇದಕ್ಕೆ ಇನ್ನೊಂದು ತಿರುವು ಸೇರುತ್ತದೆ. ಹೊರಕವಚದ 7ಪಿ ಕಕ್ಷಕದಲ್ಲಿ ಆರು ಎಲೆಕ್ಟ್ರಾನುಗಳು. ತರಗತಿಯಲ್ಲಿ ಈ ಆರನ್ನೂ ಸಮಾನ ಎಂದು ಕಲಿಸುತ್ತೇವೆ. ನಿಯಾನ್, ಆರ್ಗಾನ್‌ಗಳಿಗೆ ಆ ಪಾಠ ಸರಿ. ಇಲ್ಲಿ ಎಲೆಕ್ಟ್ರಾನಿನ ಗಿರಕಿಗೂ ಕಕ್ಷೆಯ ಚಲನೆಗೂ ನಡುವಿನ ಹೊಂದಾಣಿಕೆಯಿಂದ ಆರು ಒಡೆದು ಎರಡು ಮತ್ತು ನಾಲ್ಕಾಗುತ್ತದೆ. ಎರಡು ಒಳಕ್ಕೆ ಬಿಗಿಯಾಗಿ ಎಳೆದುಕೊಳ್ಳುತ್ತವೆ, ನಾಲ್ಕು ಸಡಿಲಾಗಿ ಹೊರಗೆ ಜೋಲುತ್ತವೆ. ಎರಡರ ನಡುವಿನ ಶಕ್ತಿಯ ಅಂತರ ಸುಮಾರು 10 ಎಲೆಕ್ಟ್ರಾನ್ ವೋಲ್ಟ್, ರೇಡಾನಿನಿಂದ ಒಂದು ಎಲೆಕ್ಟ್ರಾನನ್ನು ಪೂರ್ತಿ ಕಿತ್ತುಹಾಕಲು ಬೇಕಾದಷ್ಟೇ. ‘ತುಂಬಿದ ಕವಚ’ ಎಂದು ನಾವು ಹೇಳುವ ಕವಚ ಇಲ್ಲಿ ಕವಚವಾಗಿಯೇ ಉಳಿದಿಲ್ಲ. ದುಬ್ನಾದ ಅಳತೆಗೂ ಇದಕ್ಕೂ ಸಂಬಂಧವಿಲ್ಲ, ಇದು 2018ರ ಲೆಕ್ಕ: ಒಗನೆಸ್ಸಾನಿನ ಹೊರಗಿನ ಎಲೆಕ್ಟ್ರಾನುಗಳು ಪದರ ಪದರವಾಗಿ ಕಾಣದೆ, ಹೆಚ್ಚುಕಡಿಮೆ ಒಂದೇ ಸಮನಾಗಿ ಹರಡಿದ ಮೋಡದಂತೆ ಕಾಣುತ್ತವೆ.

ಜೋಲುವ ನಾಲ್ಕರಿಂದಾಗಿ ಪರಮಾಣು ಮೆದುವಾಗುತ್ತದೆ. ಪಕ್ಕದ ಪರಮಾಣು ಬಂದರೆ ಎಲೆಕ್ಟ್ರಾನ್ ಮೋಡ ಸುಲಭವಾಗಿ ವಾಲುತ್ತದೆ. ಹೀಗೆ ವಾಲುವ ಗುಣ ರೇಡಾನಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಪರಮಾಣುಗಳು ಒಂದಕ್ಕೊಂದು ಅಂಟಿಕೊಳ್ಳುವ ಬಲ ಇದರ ಮೇಲೇ ನಿಂತಿರುವುದರಿಂದ ಕರಗುವ ಮತ್ತು ಕುದಿಯುವ ಬಿಂದುಗಳು ಮೇಲೇರುತ್ತವೆ. ಅದೇ ಲೆಕ್ಕವನ್ನು ಸಾಪೇಕ್ಷತೆಯ ಪದಗಳನ್ನು ತೆಗೆದುಹಾಕಿ ಮಾಡಿದರೆ ಒಗನೆಸ್ಸಾನ್ ಮತ್ತೆ ಸಾಧು ಅನಿಲವಾಗಿಬಿಡುತ್ತದೆ. ಅಂದರೆ ನಿಮ್ಮ ಪಟದ ನೀಲಿ ಬಣ್ಣ ಸಾಪೇಕ್ಷತೆ ಇಲ್ಲದ ಲೋಕಕ್ಕೆ ಸರಿಹೊಂದುತ್ತದೆ.

‘ಬಣ್ಣವಿಲ್ಲದ’ ಎಂಬ ಮಾತಿಗೂ ಇದೇ ಗತಿ. ಘನ ರೇಡಾನಿನಲ್ಲಿ ಎಲೆಕ್ಟ್ರಾನನ್ನು ಮೇಲಿನ ಪಟ್ಟಿಗೆ ಎತ್ತಲು ಸುಮಾರು 7 ಎಲೆಕ್ಟ್ರಾನ್ ವೋಲ್ಟ್ ಬೇಕೆಂದು ಲೆಕ್ಕ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಷ್ಟು ಶಕ್ತಿ ಇಲ್ಲ, ಆದ್ದರಿಂದ ಅದು ಪಾರದರ್ಶಕ. ಒಗನೆಸ್ಸಾನಿಗೆ ಈ ಅಂತರ 1.5, ಹೆಚ್ಚುಕಡಿಮೆ 0.6. ಸಿಲಿಕಾನಿನದು 1.1. ಅಂದರೆ ಒಗನೆಸ್ಸಾನ್ ಅರೆವಾಹಕ, ವಿದ್ಯುತ್ತನ್ನು ಅರೆಬರೆ ಹರಿಯಬಿಡುವ ವಸ್ತು. 1.5 ನಿಜವಾದರೆ ಕಾಣುವ ಬೆಳಕನ್ನೆಲ್ಲ ಹೀರಿ ಸಿಲಿಕಾನ್ ಬಿಲ್ಲೆಯಂತೆ ಕಪ್ಪಗೆ ಹೊಳೆಯಬೇಕು. 2ರ ಹತ್ತಿರ ಇದ್ದರೆ ಕೆಂಪು ಛಾಯೆ ಬರಬಹುದು. ಬಣ್ಣರಹಿತ ಆಗುವ ಸಾಧ್ಯತೆ ಮಾತ್ರ ಈ ಲೆಕ್ಕದೊಳಗೆ ಎಲ್ಲೂ ಇಲ್ಲ. ವಾಸನೆಯ ಬಗ್ಗೆ ನಾವು ಮಾತಾಡುವುದಿಲ್ಲ, ನಿಮ್ಮ ಟಿಪ್ಪಣಿಕಾರರು ಅದನ್ನು ಹೇಗೆ ಕಂಡುಕೊಂಡರೋ.

‘ಜಡ’ವೂ ನಿಲ್ಲುವುದಿಲ್ಲ. ಉಳಿದ ಯಾವ ರಾಜಾನಿಲವೂ ಹೊರಗಿನ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಒಗನೆಸ್ಸಾನ್ ಅತಿ ದುರ್ಬಲವಾಗಿ, 0.06 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಲ್ಲಿ ಹಿಡಿಯಬಲ್ಲದು ಎಂದು 1996ರಲ್ಲೇ ಲೆಕ್ಕ ಬಂದಿತ್ತು. ಕೊಡುವುದರಲ್ಲೂ ಅದು ರೇಡಾನಿಗಿಂತ ಧಾರಾಳಿ. ಫ್ಲೂರಿನ್ನಿನೊಂದಿಗೆ ಸೇರಿದರೆ ಆಕಾರವೂ ಬೇರೆ: ಜೆನಾನಿನ ಟೆಟ್ರಾಫ್ಲೂರೈಡ್ ಚಪ್ಪಟೆ ಚೌಕ, ಒಗನೆಸ್ಸಾನಿನದು ಇದ್ದರೆ ಚತುರ್ಮುಖಿ. ಪಿಯುಸಿ ವಿದ್ಯಾರ್ಥಿಗಳು ಎಲೆಕ್ಟ್ರಾನ್ ಜೋಡಿಗಳ ವಿಕರ್ಷಣೆಯಿಂದ ಆಕಾರ ಹೇಳುವ ನಿಯಮವನ್ನು ಕಲಿಯುತ್ತಾರಲ್ಲ, ಅದು ಇಲ್ಲಿ ಕೈಕೊಡುತ್ತದೆ.

ಇಲ್ಲಿ ಎಚ್ಚರಿಕೆ ಬೇಕು. ‘ಅನಿಲ’ವನ್ನು ಅಳಿಸಿ ‘ಘನ’ ಎಂದು ಬರೆದುಬಿಟ್ಟರೆ ಕೆಲಸ ಮುಗಿಯಲಿಲ್ಲ. ಒಂಟಿ ಪರಮಾಣುವಿಗೆ ಘನ, ದ್ರವ, ಅನಿಲ ಎಂಬ ಸ್ಥಿತಿ ಇರುವುದಿಲ್ಲ, ಕೋಟ್ಯಂತರ ಒಟ್ಟು ಸೇರಿದಾಗ ಮಾತ್ರ ಆ ಮಾತು. ಒಟ್ಟು ಸೇರಿಸಲಾಗದ್ದರ ಬಗ್ಗೆ ಇದು ಲೆಕ್ಕ. ಸೇರಿಸಿದೆವೆಂದೇ ಇಟ್ಟುಕೊಳ್ಳಿ: ಒಂದು ಗ್ರಾಂ ಒಗನೆಸ್ಸಾನಿನ ಮೊದಲ ಆಲ್ಫಾಗಳಷ್ಟೇ ಸುಮಾರು 380 ಕೋಟಿ ಜೂಲ್ ಶಕ್ತಿ ಬಿಡುತ್ತವೆ. ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರ್ ನೀರನ್ನು ಪೂರ್ತಿ ಕುದಿಮಟ್ಟಕ್ಕೆ ತರುವಷ್ಟು, ಅದೂ ಕೆಲವೇ ಮಿಲಿಸೆಕೆಂಡುಗಳಲ್ಲಿ. ಕರಗುವ ಬಿಂದುವನ್ನು ಥರ್ಮಾಮೀಟರ್ ಇಟ್ಟು ನೋಡುವ ಪ್ರಶ್ನೆಯೇ ಇಲ್ಲ.

ಹಾಗೆಂದು ಅತಿಭಾರದ ಧಾತುಗಳ ರಸಾಯನವನ್ನು ಯಾರೂ ಪ್ರಯೋಗದಲ್ಲಿ ನೋಡಿಲ್ಲ ಎಂದಲ್ಲ. ಒಂದೊಂದೇ ಪರಮಾಣುವನ್ನು ಹಿಡಿದು ನೋಡಿದ್ದಾರೆ. ಉಪಾಯ ಹೀಗೆ: ಹುಟ್ಟಿದ ಪರಮಾಣುವನ್ನು ಅನಿಲದ ಹರಿವಿನಲ್ಲಿ ಸಾಗಿಸಿ, ಚಿನ್ನ ಲೇಪಿಸಿದ ಪತ್ತೆಕಾರಕಗಳ ಸಾಲಿನ ನಡುವಿನ ಕಿರಿದಾದ ಓಣಿಯೊಳಗೆ ಬಿಡುತ್ತಾರೆ. ಓಣಿಯ ಒಂದು ತುದಿ ಕೊಠಡಿಯಷ್ಟು ಬೆಚ್ಚಗೆ, ಇನ್ನೊಂದು ತುದಿ ಮೈನಸ್ 180 ಡಿಗ್ರಿಯ ಆಸುಪಾಸು. ಚಿನ್ನಕ್ಕೆ ಗಟ್ಟಿಯಾಗಿ ಅಂಟುವ ಪಾದರಸ ಬೆಚ್ಚಗಿನ ತುದಿಯಲ್ಲೇ ಕೂರುತ್ತದೆ, ರೇಡಾನ್ ತಣ್ಣನೆಯ ಕೊನೆಯವರೆಗೂ ಹೋಗುತ್ತದೆ. ಹೊಸಬ ಎಲ್ಲಿ ಕೂತು ಕ್ಷಯಿಸಿದ ಎಂಬುದನ್ನು ನೋಡಿ ಅವನ ಸ್ವಭಾವ ಹೇಳುತ್ತಾರೆ. ದುಬ್ನಾದಲ್ಲಿ ಕೊಪರ್ನಿಸಿಯಂ ಜೊತೆ ಇದೇ ಓಣಿಯಲ್ಲಿ ಪಾದರಸ ಮತ್ತು ರೇಡಾನನ್ನೂ ಬಿಟ್ಟು ಹೋಲಿಕೆ ಮಾಡಿದರು. ಕೆಡುವುದು ಎಲ್ಲಿ? ಅನಿಲದಲ್ಲಿ ತುಸು ನೀರಾವಿ ಉಳಿದಿದ್ದರೂ ಮೈನಸ್ 95 ಡಿಗ್ರಿಯಿಂದಾಚೆ ಚಿನ್ನದ ಮೇಲೆ ಮಂಜು ಕಟ್ಟುತ್ತದೆ. ಅಲ್ಲಿ ಕೂತ ಪರಮಾಣು ಚಿನ್ನದ ಮೇಲಲ್ಲ, ಮಂಜಿನ ಮೇಲೆ ಕೂತಿರುತ್ತದೆ. ಲೆಕ್ಕ ಹಾಕುವಾಗ ಅದನ್ನು ಬಿಡುವಂತಿಲ್ಲ.

114ನೇ ಧಾತು ಫ್ಲೆರೋವಿಯಂ ವಿಷಯದಲ್ಲಿ ಇಂಥ ಜಗ್ಗಾಟ ನಡೆಯಿತು. 2010ರಲ್ಲಿ ಪ್ರಕಟವಾದ ದುಬ್ನಾದ ಮೂರು ಪರಮಾಣುಗಳು ಅದು ರಾಜಾನಿಲದಂತೆ ಎಂಬ ಸುಳಿವು ಕೊಟ್ಟವು. 2014ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಎರಡು ಪರಮಾಣುಗಳು ಚಿನ್ನಕ್ಕೆ ಲೋಹದಂತೆ ಅಂಟಿದವು. 2022ರಲ್ಲಿ ಅಲ್ಲಿಯೇ ಇನ್ನಷ್ಟು ಸಿಕ್ಕ ಮೇಲೆ ‘ಆವಿಯಾಗುವ ಗುಣದ ಲೋಹ’ ಎಂಬ ಕಡೆಗೆ ತಕ್ಕಡಿ ವಾಲಿತು. 2024ರಲ್ಲಿ ನಾಲ್ಕು ಮಾಸ್ಕೋವಿಯಂ ಪರಮಾಣುಗಳನ್ನು ಹೀಗೆಯೇ ನೋಡಿದ್ದಾರೆ. ಅದು 115ನೇ ಧಾತು, ರಸಾಯನ ಗುಣವನ್ನು ಪ್ರಯೋಗದಲ್ಲಿ ನೋಡಿದ ಅತ್ಯಂತ ಭಾರದ್ದು. ಅದರ ಐಸೋಟೋಪಿನ ಅರ್ಧಾಯು ಸುಮಾರು 0.2 ಸೆಕೆಂಡು, ಓಣಿಯವರೆಗೆ ತಲುಪಲು ಬೇಕಾದ ಸಮಯಕ್ಕೆ ಅದೇ ಕಷ್ಟದಲ್ಲಿ ಸಾಕಾಯಿತು. ಒಗನೆಸ್ಸಾನಿನ ಆಯುಸ್ಸು ಅದಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಕಡಿಮೆ. ಹತ್ತು ಅರ್ಧಾಯು, ಅಂದರೆ 7 ಮಿಲಿಸೆಕೆಂಡು ಕಳೆದರೆ ಸಾವಿರದಲ್ಲಿ ಒಂದು ಉಳಿಯುತ್ತದೆ, ಮತ್ತು ಸಾವಿರ ಎಂಬುದು ಈ ಕೆಲಸದಲ್ಲಿ ಕೇಳರಿಯದ ಸಂಖ್ಯೆ. ಹೆಚ್ಚು ನ್ಯೂಟ್ರಾನಿರುವ ಐಸೋಟೋಪು ಸಿಕ್ಕಿದರೆ ಆಯುಸ್ಸು ಸ್ವಲ್ಪ ಹಿಗ್ಗೀತು. ಅದಕ್ಕೆ ಕ್ಯಾಲಿಫೋರ್ನಿಯಂ-251ರ ಗುರಿ ಬೇಕು, ಅದು ಇತರ ಕ್ಯಾಲಿಫೋರ್ನಿಯಂಗಳ ಜೊತೆ ಬೆರೆತೇ ಸಿಗುತ್ತದೆ. 252 ಸಿಗುತ್ತದಾದರೂ ಅದು ತಾನೇ ಸೀಳುತ್ತ ಸುತ್ತಲೂ ನ್ಯೂಟ್ರಾನ್ ಚೆಲ್ಲುವುದರಿಂದ ಹತ್ತಿರ ಹೋಗುವುದೇ ಅಪಾಯ.

ಕೊಪರ್ನಿಸಿಯಂ ಹೆಸರು ಬಂದದ್ದರಿಂದ ಇನ್ನೊಂದು ಚೌಕದ ಮಾತು. ಅದು 112ನೇ ಧಾತು, 12ನೇ ಗುಂಪಿನದು, ಪಾದರಸದ ಕೆಳಗಿನದು, ನಿಮ್ಮ ಪಟದಲ್ಲಿ ‘ಘನ ಲೋಹ’ದ ಬಣ್ಣದಲ್ಲಿದೆ. 1975ರಲ್ಲೇ ಅಮೆರಿಕದ ರಸಾಯನ ವಿಜ್ಞಾನಿ ಕೆನ್ನೆತ್ ಪಿಟ್ಜರ್ 112, 114, 118 ಇವು ಜಡ ಅನಿಲಗಳೋ ಎಂದು ಕೇಳಿದ್ದರು. ಈಗಿನ ಲೆಕ್ಕದಲ್ಲಿ ಕೊಪರ್ನಿಸಿಯಂ ಸುಮಾರು 10 ಡಿಗ್ರಿಯಲ್ಲಿ ಕರಗಿ 67 ಡಿಗ್ರಿಯಲ್ಲಿ ಕುದಿಯುವ, ರಾಜಾನಿಲಗಳ ಸ್ವಭಾವದ ದ್ರವ. ಲೋಹದ ಸಾಲಿನಲ್ಲಿ ಕೂತದ್ದು ರಾಜಾನಿಲದಂತೆ, ರಾಜಾನಿಲದ ಸಾಲಿನಲ್ಲಿ ಕೂತದ್ದು ಅರೆವಾಹಕ ಘನದಂತೆ! ಕಂಬಸಾಲು ನೋಡಿ ಸ್ವಭಾವ ಹೇಳುವ ಪಾಠ ಏಳನೇ ಸಾಲಿನ ಕೊನೆಗೆ ಬಂದಾಗ ಸೋಲುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪಿಟ್ಜರ್ ಅವರ ಊಹೆ ಮೂರರಲ್ಲಿ ಒಂದಕ್ಕೆ ಹತ್ತಿರ ಬಂದಿದೆ, 118ಕ್ಕೆ ತಿರುಗುಮುರುಗಾಗಿದೆ. ಈಗಿನ ಲೆಕ್ಕಗಳೂ ಮುಂದೆ ಬದಲಾಗಬಹುದು.

‘2016ರಲ್ಲಿ ಕಂಡುಹಿಡಿಯಲಾಯಿತು’ ಎಂಬುದು ಹೆಸರಿಟ್ಟ ವರ್ಷವನ್ನು ಹುಟ್ಟಿದ ವರ್ಷ ಎಂದುಕೊಂಡ ತಪ್ಪು. ಮೊದಲ ಪರಮಾಣು 2002ರದ್ದು, ಪ್ರಕಟಣೆ 2006ರದ್ದು, ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟದ ಮಾನ್ಯತೆ 2015ರ ಡಿಸೆಂಬರ್ 30, ಹೆಸರು ಅಂತಿಮವಾದದ್ದು 2016ರ ನವೆಂಬರ್ 28. ಇಷ್ಟು ತಡ ಯಾಕೆಂದರೆ ಈ ಸರಣಿ ಕೊನೆಯಲ್ಲಿ ಮೊದಲೇ ಗೊತ್ತಿದ್ದ ನ್ಯೂಕ್ಲಿಯಸ್ಸಿಗೆ ಹೋಗಿ ಸೇರುತ್ತಿರಲಿಲ್ಲ, ಕಂಡದ್ದು ಇದೇ ಎಂದು ಸಾಬೀತುಪಡಿಸಲು ಮಧ್ಯದ ಸದಸ್ಯರನ್ನು ಬೇರೆ ದಾರಿಯಿಂದ ತಯಾರಿಸಿ ತಾಳೆ ನೋಡಬೇಕಿತ್ತು. ಅವಸರ ಮಾಡದಿರಲು ಇನ್ನೊಂದು ಕಾರಣವೂ ಇತ್ತು. 1999ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಸೀಸದ ಮೇಲೆ ಕ್ರಿಪ್ಟಾನ್ ಹೊಡೆದು 118ನ್ನು ಪಡೆದಿರುವುದಾಗಿ ಹೇಳಿತ್ತು. ಇತರರು ಮಾಡಿದಾಗ ಬರಲಿಲ್ಲ, ತಾವೇ ಮತ್ತೆ ಮಾಡಿದಾಗಲೂ ಬರಲಿಲ್ಲ, ದತ್ತಾಂಶವನ್ನು ಕೆದಕಿದಾಗ ಆ ಸರಣಿಗಳು ಸುಳ್ಳಾಗಿ ಸೃಷ್ಟಿಸಿದವು ಎಂದು ತಿಳಿದು ಸಂಸ್ಥೆ ಹೇಳಿಕೆಯನ್ನು ಹಿಂತೆಗೆದುಕೊಂಡಿತು. ಕೆಲವು ಹಳೆಯ ಗೈಡುಗಳಲ್ಲಿ ‘118: ಬರ್ಕ್ಲಿ, 1999’ ಎಂದು ಇನ್ನೂ ಇದ್ದರೆ ಮೂಲ ಅದು. ಅದೇ ಪ್ರಯೋಗಾಲಯ 2024ರಲ್ಲಿ ಪ್ಲುಟೋನಿಯಂ ಮೇಲೆ ಟೈಟಾನಿಯಂ-50 ಹೊಡೆದು 22 ದಿನಗಳಲ್ಲಿ ಎರಡು ಲಿವರ್‌ಮೋರಿಯಂ-290 ಪಡೆದಿದೆ, ಒಗನೆಸ್ಸಾನಿನ ಸರಣಿಯಲ್ಲಿ ಎರಡನೆಯದಾಗಿ ಬರುವ ಅದೇ ನ್ಯೂಕ್ಲಿಯಸ್.

ಹೆಸರು ದುಬ್ನಾದ ವಿಜ್ಞಾನಿ ಯೂರಿ ಒಗನೆಸ್ಸಿಯಾನ್ ಅವರದ್ದು. ಬದುಕಿರುವಾಗಲೇ ಧಾತುವಿಗೆ ಹೆಸರಾದ ಎರಡನೆಯವರು ಅವರು, ಮೊದಲನೆಯವರು ಗ್ಲೆನ್ ಸೀಬೋರ್ಗ್. ಹೆಸರಿನ ಕೊನೆಯ ‘ಆನ್’ ಮಾತ್ರ ಅವರದ್ದಲ್ಲ, 18ನೇ ಗುಂಪಿಗೆ ಸೇರಿದ ಹೊಸ ಧಾತುವಿನ ಹೆಸರು ಹಾಗೆ ಮುಗಿಯಬೇಕೆಂಬ ನಿಯಮ. ನಿಯಾನ್, ಆರ್ಗಾನ್ ಜಾಡಿನಲ್ಲಿ ಬಂದ ಈ ಬಾಲ ಓದುಗರನ್ನು ಅನಿಲದ ಕಡೆಗೆ ಇನ್ನಷ್ಟು ತಳ್ಳುತ್ತದೆ. ಇದೇ ಗುಂಪಿನ ಮೇಲ್ತುದಿಯಲ್ಲಿ ಇದರ ತದ್ವಿರುದ್ಧ ನಡೆದಿತ್ತು. 1868ರ ಆಗಸ್ಟ್ 18ರ ಗ್ರಹಣವನ್ನು ಗುಂಟೂರು ಮತ್ತಿತರ ಕಡೆಗಳಿಂದ ನೋಡಿದವರು ಸೂರ್ಯನ ಅಂಚಿನ ಬೆಳಕನ್ನು ಬಿಡಿಸಿ ಕಂಡರು. ಅಲ್ಲಿನ ಹಳದಿ ಗೆರೆ ಸೋಡಿಯಂನದ್ದಲ್ಲ ಎಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ಗುರುತಿಸಿದ ನಾರ್ಮನ್ ಲಾಕಿಯರ್, ಅದು ಲೋಹವಿರಬೇಕೆಂದು ಸೋಡಿಯಂ, ಕ್ಯಾಲ್ಸಿಯಂಗಳ ‘ಇಯಂ’ ಹಚ್ಚಿದರು. ಹಾಗೆ ಲೋಹದ ಬಾಲ ಹೊತ್ತ ಹೀಲಿಯಂ ಅನಿಲವಾಯಿತು.

‘ಸಂಶೋಧನೆಯಲ್ಲಿ ಬಳಕೆ’ ಎಂಬುದನ್ನು ತೆಗೆದುಹಾಕಿ. ಒಗನೆಸ್ಸಾನ್ ಬಗ್ಗೆ ಸಂಶೋಧನೆ ಇದೆ, ಒಗನೆಸ್ಸಾನನ್ನು ಬಳಸುವ ಸಂಶೋಧನೆ ಇಲ್ಲ. ಈವರೆಗೆ ಜಗತ್ತಿನಲ್ಲಿ ಕಂಡದ್ದನ್ನೆಲ್ಲ ಕೂಡಿಸಿದರೂ ತೂಕ ಒಂದು ಗ್ರಾಮಿನ ಕೋಟಿಯ ಕೋಟಿಯ ಕೋಟಿಯ ಎರಡು-ಮೂರು ಪಾಲಿನಷ್ಟೇ, ಅದೂ ಒಂದೇ ಕ್ಷಣದಲ್ಲಿ ಇದ್ದದ್ದಲ್ಲ.

ಪಟವನ್ನು ತಿದ್ದುವುದು ಕಷ್ಟವೇನಲ್ಲ. ಮೂರು ಬಣ್ಣಗಳ ಜೊತೆ ನಾಲ್ಕನೆಯದಾಗಿ ಬೂದು ಇಟ್ಟುಕೊಳ್ಳಿ, ಅದಕ್ಕೆ ‘ಸ್ಥಿತಿ ಅಳೆದಿಲ್ಲ’ ಎಂದು ಬರೆಯಿರಿ. ರುದರ್‌ಫೋರ್ಡಿಯಂನಿಂದ ಮುಂದಕ್ಕೆ, 104ರಿಂದ 118ರವರೆಗಿನ ಹದಿನೈದೂ ಚೌಕಗಳಿಗೆ ಅದೇ ಬೂದು ಸಲ್ಲುತ್ತದೆ, ಏಕೆಂದರೆ ಅವುಗಳಲ್ಲಿ ಯಾವುದರ ಒಂದು ಚೂರನ್ನೂ ಯಾರೂ ಕಣ್ಣಾರೆ ಕಂಡಿಲ್ಲ. ಗುಂಪಿನ ಗುರುತು ಬೇಕಿದ್ದರೆ ಚೌಕದ ಅಂಚಿಗೆ ಬಣ್ಣ ಹಾಕಬಹುದು, ಒಳಗೆ ಬೇಡ. ಒಗನೆಸ್ಸಾನ್ 18ನೇ ಗುಂಪಿನಲ್ಲಿರುವುದು ಅದರ ಎಲೆಕ್ಟ್ರಾನುಗಳ ಎಣಿಕೆಯಿಂದ, ಆ ಸ್ಥಾನ ಸರಿಯಾಗಿಯೇ ಇದೆ. ರಸಪ್ರಶ್ನೆ ಅಂಕಣ ನೋಡಿಕೊಳ್ಳುವವರು ‘ಆವರ್ತ ಕೋಷ್ಟಕದ ಅತಿ ಭಾರದ ಅನಿಲ ಯಾವುದು?’ ಎಂದು ಕೇಳುವುದಾದರೆ, ಧಾತುರೂಪದ ಅನಿಲಗಳಲ್ಲಿ ಪ್ರಯೋಗದಿಂದ ಖಚಿತವಾದದ್ದು ರೇಡಾನ್ ಎಂಬ ಉತ್ತರವನ್ನೇ ಇಟ್ಟುಕೊಳ್ಳಲಿ.

118ರ ಟಿಪ್ಪಣಿಗೆ ಈ ಪಠ್ಯವನ್ನು ಬಳಸಿಕೊಳ್ಳಬಹುದು, ಹಳೆಯದಕ್ಕಿಂತ ಎರಡು ಸಾಲು ಹೆಚ್ಚು ಜಾಗ ಬೇಕಾದೀತು: ‘ಒಗನೆಸ್ಸಾನ್, [294]. ದುಬ್ನಾ, 2002, ಹೆಸರು 2016. ಗೊತ್ತಿರುವುದು ಒಂದೇ ಐಸೋಟೋಪು, ಅರ್ಧಾಯು ಸುಮಾರು 0.7 ಮಿಲಿಸೆಕೆಂಡು (ಅಳತೆ). ಒಟ್ಟು ಸೇರಿದರೆ ಕೊಠಡಿಯ ತಾಪದಲ್ಲಿ ಘನ, ಅರೆವಾಹಕ (ಲೆಕ್ಕ, ಅಳತೆಯಲ್ಲ).’

ವಂದನೆಗಳೊಂದಿಗೆ,
ರಸಾಯನಶಾಸ್ತ್ರ ಬೋಧಿಸುವ ಇಬ್ಬರು ಓದುಗರು,
ಮೈಸೂರು